ಇಳಿದ ಬ್ಯಾಟರಿ

ಭಾತಂಬ್ರಾ, ೧೯೪೯

ಮನೆಯವರಿಗೆ ಶರಣಾರ್ಥಿ.

ಪೊಲೀಸ್ ಆ್ಯಕ್ಷನ್ ಸುದ್ದಿ ಕೇಳಲೆಂದು ನೀವು ತಂದ ರೇಡಿಯೊದ ಬ್ಯಾಟರಿ ಮತ್ತೆ ಇಳಿದಿದೆ. ನೀವು ಹೇಳಿದಂತೆ ಬಾಟಲಿಯ ನೀರನ್ನೇ ಹಾಕಿದ್ದೇನೆ, ಬಾವಿ ನೀರು ಮುಟ್ಟಿಸಿಲ್ಲ. ವ್ಯಾಸಲಿನ್ ಎಲ್ಲ ತುಕ್ಕು ಹಿಡಿಯದಿರಲೆಂದು ಬ್ಯಾಟರಿಯ ತುದಿಗಳಿಗೇ ಆಯಿತು. ನನ್ನ ಒಡೆದ ಹಿಮ್ಮಡಿಗೆ ಉಳಿಯಲಿಲ್ಲ.

ಹೋದ ಸಲ ಚಾರ್ಜಿಗೆಂದು ಬೀದರಿನ ನಿಮ್ಮ ಗ್ಯಾರೇಜಿಗೆ ಒಯ್ಯುವಾಗ ಬಸ್ಸಿನಲ್ಲಿ ಅದನ್ನು ಕೂಸಿನಂತೆ ಹಿಡಿದು ಕೂತಿದ್ದಿರಂತೆ. ಮದುವೆಯಾಗಿ ಹಲಬರ್ಗಾದಿಂದ ಬರುವಾಗ ನನ್ನನ್ನು ಹಿಂದಿನ ಸೀಟಿಗೆ ಕಳಿಸಿದ್ದಿರಿ.

"ಬ್ಯಾಟರಿ ಇಳೀತಂದ್ರ ಅವ ಬಂದೇ ಬರ್ತಾನ" ಅನ್ನುತ್ತಾರೆ ಅತ್ತೆ. ಅದಕ್ಕೇ ನೀವು ಹೋದಾಗಿನಿಂದ ರೇಡಿಯೊ ಹಚ್ಚಿಯೇ ಇಟ್ಟಿದ್ದೆ, ಕೇಳುವವರು ಇಲ್ಲದಾಗಲೂ.

"ಇಳಿದದ್ದು ಹಂಗೇ ಬಿಟ್ರ ಕೆಟ್ಟು ಹೋಗ್ತದ" ಎಂದವರು ನೀವೇ. ಅದಕ್ಕಾಗಿಯಾದರೂ ಬನ್ನಿ.

ನಿಮ್ಮ
ಗುಂಡಮ್ಮ