ಮುಗುಮೋ ಇಳಿದ ತಿಟ್ಟು

ಫೆಬ್ರವರಿ 3, ಬೆಳಿಗ್ಗೆ

ಇವತ್ತೂ ಚಹಾ ಫ್ಲಾಸ್ಕ್ ಹಿಡಿದು ಗಥೋಗೊ ಹೊರಟ. ಮದುವೆಯಾಗಿ ತಿಂಗಳಾಗಿಲ್ಲ, ಆಗಲೇ ನನಗೊಬ್ಬಳು ಸವತಿ — ಊರಂಚಿನ ಮುಗುಮೋ ಮರ! ನಮ್ಮ ಅತ್ತಿಮರಗಳಲ್ಲೆಲ್ಲ ಹಿರಿಯದು. ಹುಡುಗನಾಗಿದ್ದಾಗಿನಿಂದ ಅದನ್ನೇ ಬರೆಯುತ್ತಿದ್ದಾನೆ. ಮನೆ ತುಂಬ ಕ್ಯಾನ್ವಾಸ್, ಎಲ್ಲದರಲ್ಲೂ ಅದೇ ಜೋತುಬಿದ್ದ ಬೇರು. ದೇವರು ಬೆಟ್ಟದಿಂದ ಇಳಿದಾಗ ಬೆನ್ನು ಒರಗಿಸುವ ಜಾಗ ಅದಂತೆ. ಹೇಳುವಾಗ ಅವನ ಕಣ್ಣು... ಸೋ ಬ್ಯೂಟಿಫುಲ್. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕೇಳಿದರೆ ಪಾಪ ಎನ್ನುತ್ತಿದ್ದರು. ಐ ಡೋಂಟ್ ಕೇರ್.

ಫೆಬ್ರವರಿ 9

ಹೊಸ ರಸ್ತೆಗೆ ಮರ ಹೋಗುತ್ತದೆ. ತೀರ್ಮಾನ ಆಗಿಬಿಟ್ಟಿದೆ. ಗಥೋಗೊ ಊಟಕ್ಕಿಟ್ಟ ಜೋಳ-ಕಾಳಿನ ಗಿಥೇರಿ ಮುಟ್ಟಲಿಲ್ಲ. ಅತ್ತೆ ಸಮಾಧಾನ ಹೇಳಿದರು: ಮರ ಹೋದರೂ ಒಳಗಿರುವವರನ್ನು ಉಳಿಸಬಹುದು. ಹಿಂದೆ ಕಾಡು ಕಡಿದಾಗ ಬಿದ್ದ ಮರಗಳ ಜೀವಗಳೆಲ್ಲ ಈ ಒಂದರಲ್ಲೇ ಸೇರಿಕೊಂಡವಂತೆ. ಕಾಂಡಕ್ಕೆ ಕೋಲು ಒರಗಿಸಿ ಕರೆದರೆ ಅವರು ಕೋಲಿಗೆ ಬರುತ್ತಾರೆ. ಹೊಳೆಯಾಚೆಯ ಇನ್ನೊಂದು ಮರಕ್ಕೆ ಒಯ್ದು ಒರಗಿಸಬೇಕು. ದಾರಿಯಲ್ಲಿ ನೆಲಕ್ಕೆ ತಾಗಕೂಡದು. ಹಿರಿಯರಾದ ಕಿಬಾರಾ ತಾತ ಒಪ್ಪಿದ್ದಾರೆ. ಕೋಲು ಹೊರುವವನು ನನ್ನ ಗಂಡ. ಐ ಆಮ್ ಸೋ ಪ್ರೌಡ್...

ಫೆಬ್ರವರಿ 12, ಸಂಜೆ

ಕುರಿ ಕೊಯ್ದು ಮರದ ಬುಡಕ್ಕೆ ಹಾಲು ಸುರಿದರು. ಕೋಲು ಒರಗಿಸಿ ತಾತ ಒಳಗಿನವರನ್ನು ಕರೆದರು. ಗಥೋಗೊ ಕೋಲನ್ನು ಎದೆಗೊತ್ತಿಕೊಂಡು ಮುಂದೆ, ನಾವು ಹಿಂದೆ. ಬೋಳು ತಿಟ್ಟು ಹತ್ತಿದವನು ತಿರುಗಿದ. ಮಂಜು ಸರಿದಿತ್ತು — ಹಿಂದೆ ಬೆಟ್ಟ, ಮುಂದೆ ಮುಗುಮೋ. ಈ ಕಡೆಯಿಂದ ಅವನು ಯಾವತ್ತೂ ನೋಡಿರಲಿಲ್ಲ. ಕೋಲು ಕೆಳಗಿಟ್ಟ. ಜೇಬಿನಿಂದ ಪೆನ್ಸಿಲ್ ತೆಗೆದ.

ನಾನು ನಗುತ್ತ ನೋಡುತ್ತಿದ್ದೆ. ಎಷ್ಟು ಚೆಂದ ಅನ್ನಿಸಿತು.

ತಾತ ಬೈಯಲಿಲ್ಲ. "ಇಳಿದುಬಿಟ್ರಲ್ಲಪ್ಪಾ," ಅಂದರು.

"ಇನ್ನೊಂದ್ಸಲ ಕರೀರಿ ತಾತ."

"ಬಸ್ಸೇನೋ ಇದು, ಇಳಿಸಿ ಹತ್ತಿಸೋಕೆ?"

"ಇಲ್ಲಿ ಒಂದು ಗಿಡಾನೂ ಇಲ್ವಲ್ಲ."

"ಅದನ್ನ ಕೆಳಗಿಡೋಕೆ ಮುಂಚೆ ನೋಡ್ಬೇಕಿತ್ತು."

ಫೆಬ್ರವರಿ 21

ಮರ ಉರುಳಿತು. ಇವನು ನೋಡಲು ಹೋಗಲಿಲ್ಲ. ತಿಟ್ಟಿನ ಮೇಲೆ ಅತ್ತಿಯ ಟೊಂಗೆ ನೆಟ್ಟು ನೀರು ಹೊಯ್ಯುತ್ತಿದ್ದ. ಸಂಜೆ ರಸ್ತೆಯವರು ಬಂದು ಕಿತ್ತೆಸೆದರು. ತಿಟ್ಟೂ ರಸ್ತೆಗೇ ಸೇರಿದೆಯಂತೆ.

ಫೆಬ್ರವರಿ 24

ಟೊಂಗೆ ಇದ್ದಲ್ಲಿ ತಾನೇ ನಿಂತಿದ್ದಾನೆ. ಬರಿಗಾಲು. ಬಿಸಿಲು. ಬ್ರಶ್ಶುಗಳು ಒಣಗಿ ಕಡ್ಡಿಯಾಗಿವೆ. ಕೈಹಿಡಿದು ಜಗ್ಗಿದೆ, ಕಣ್ಣೀರಿಟ್ಟೆ, ಡಾರ್ಲಿಂಗ್ ಅಂದೆ.

"ಒರಗೋಕೆ ಏನಾದ್ರೂ ಬೇಕಲ್ವಾ ಅವರಿಗೆ?" ಅಂದ, ಮೆಲ್ಲಗೆ.

"ನಂಗೆ?"

ಅವನು ಬೆಟ್ಟದ ಕಡೆ ನೋಡುತ್ತಿದ್ದ.

ಮಾರ್ಚ್ 4

ನಿನ್ನೆಯಿಂದ ರಾತ್ರಿಯೂ ಮನೆಗೆ ಬರುತ್ತಿಲ್ಲ. ಸೌದೆ ಹೊತ್ತ ಹೆಂಗಸರು ಅವನನ್ನು ಬಳಸಿ ಹೋಗುತ್ತಾರೆ, ದನಿ ತಗ್ಗಿಸುತ್ತಾರೆ. ಮೊದಮೊದಲು ಮರುಕ ಅಂದುಕೊಂಡಿದ್ದೆ. ಇವತ್ತು ನೋಡಿದರೆ ಯಾರೋ ಅವನ ಪಾದಕ್ಕೆ ಹಾಲು ಸುರಿದಿದ್ದಾರೆ. ನೊಣ ಮುತ್ತಿದೆ. ಒರೆಸೋಣ ಅಂತ ಬಗ್ಗಿದೆ. ಅತ್ತೆ ನನ್ನ ತೋಳು ಹಿಡಿದರು.

"ಮುಟ್ಬೇಡಮ್ಮ," ಅಂದರು.

ಅವನನ್ನು ಹೆತ್ತ ತಾಯಿ. ಅವರ ಕೈಯಲ್ಲೂ ಹಾಲಿನ ಸೋರೆಬುರುಡೆ.

ಮಾರ್ಚ್ 6

ಇವತ್ತು ತಿಟ್ಟು ಅಗೆಯುವ ಮೆಷಿನ್ ಬಂತು. ಡ್ರೈವರ್ ಬೇರೆ ಊರಿನವನು, ಹಾರನ್ ಹೊಡೆಯುತ್ತಲೇ ಇದ್ದಾನೆ, ಇಲ್ಲಿವರೆಗೂ ಕೇಳಿಸುತ್ತಿದೆ. ಊರಿನವರು ಯಾರೂ ಗಥೋಗೊನನ್ನು ಎಳೆದು ತರುವುದಿಲ್ಲ, ಮುಟ್ಟುವುದೇ ಇಲ್ಲ. ನಾನೇ ಹೋಗಿ ಎಳೆದು ತರಬೇಕು. ಹೊರಟೆ.