ಸಂತೂರಿನ ಕೆಳಗಿನ ಸದ್ದು

ಜನವರಿ 3, ಬೆಳಿಗ್ಗೆ

ಮತ್ತೆ ಮಿಕ್ಸ್. ಇಸ್ಫಹಾನ್‌ನಿಂದ ನನ್ನ ಆನ್‌ಲೈನ್ ಗೆಳತಿ ನಾಹೀದ್ ಹೊಸದಾಗಿ ಸಂತೂರ್ ನುಡಿಸಿ ಕಳಿಸಿದ್ದಾಳೆ. ಜೊತೆಗೆ ಎಂದಿನ ಹಾಗೆ ವಾಯ್ಸ್ ಮೆಸೇಜ್ — ಮಹಾರಾಯ್ತಿ ಒಂದಕ್ಷರ ಟೈಪ್ ಮಾಡೋಳಲ್ಲ. ಅವಳ ತಂತಿಗಳ ಕೆಳಗೆ ನನ್ನ ಸಿಂಥ್, ನಮ್ಮ ಬಿಟ್ಟಂಗಾಲದ ತೋಟದ ಸದ್ದು. ಕಾಫಿ ಪಿಕ್ಕಿಂಗ್ ಹೆಂಗಸರ ಮಾತು, ಜೀರುಂಡೆ. ಆ ರೆಕಾರ್ಡಿಂಗ್‌ನಲ್ಲೇ ಎರಡು ಗುಂಡಿನ ಸದ್ದೂ ಸಿಕ್ಕಿದೆ — ಪಕ್ಕದ ಮನೆ ಮುತ್ತಣ್ಣ ಮಾವ ತೀರಿಕೊಂಡಾಗ ಊರಿಗೆ ತಿಳಿಸೋಕೆ ಹಾರಿಸಿದ್ದು; ನಮ್ಮಲ್ಲಿ ಸಾವಿಗೆ ಎರಡು ಗುಂಡು. ನಿಧಾನ ಮಾಡಿ, ಗುಂಯ್‌ಗುಡೋ ಹಾಗೆ ರಿವರ್ಬ್ ಹಾಕಿದೆ. ದೊಡ್ಡ ನಗಾರಿ ಥರ ಕೇಳುತ್ತೆ.

ಜನವರಿ 5

ನಾಹೀದ್‌ಗೆ ತುಂಬಾ ಹಿಡಿಸಿದೆ. "ಆ ಡ್ರಮ್ ಯಾವುದು?" ಅಂತ ಕೇಳಿದಳು. ಕಥೆ ಆಮೇಲೆ ಹೇಳ್ತೀನಿ ಅಂದೆ. ಟ್ರ್ಯಾಕ್‌ಗೆ ತನ್ನ ಹೆಸರೇ ಇಡಬೇಕಂತೆ. ಇಟ್ಟೆ.

ಅವ್ವನಿಗೆ ಹೆಡ್‌ಫೋನ್ ಕೊಟ್ಟೆ. ಕೇಳ್ತಾ ಕೇಳ್ತಾ ತಲೆ ಎತ್ತಿದಳು.

"ಇದು ಮುತ್ತಣ್ಣನ ಸಾವಿನ ಗುಂಡಲ್ವಾ?"

"ಹೌದವ್ವ."

"ಬದುಕಿರೋ ಹುಡುಗಿ ಹೆಸರಿನ ಹಾಡಿಗೆ ಅದ್ಯಾಕೆ? ತೆಗಿ ಶೋಭಿ."

ನಕ್ಕುಬಿಟ್ಟೆ. ಬರೀ ಸೌಂಡ್ ಅವ್ವ, ಅಂದೆ.

ಜನವರಿ 9

ನಾಹೀದ್ ಸುದ್ದಿ ಇಲ್ಲ. ನಿನ್ನೆಯ ವಾಯ್ಸ್ ಮೆಸೇಜೇ ಕೊನೆ: "ಬೀದಿಯಲ್ಲಿ ಗಲಾಟೆ. ಕಿಟಕಿ ಹತ್ತಿರ ರೆಕಾರ್ಡರ್ ಇಟ್ಟಿದ್ದೀನಿ. ನಾಳೆ ಕಳಿಸ್ತೀನಿ." ಅಲ್ಲಿ ನೆಟ್ ಬಂದ್ ಅಂತ ನ್ಯೂಸಲ್ಲಿ. ನಾನು ಕಳಿಸಿದ್ದಕ್ಕೆಲ್ಲ ಒಂದೇ ಟಿಕ್.

ಜನವರಿ 10

ಗುಂಡು ತೆಗೆದೆ. ಅವ್ವ ಹೇಳಿದ್ದಕ್ಕಲ್ಲ... ಅವ್ವ ಹೇಳಿದ್ದಕ್ಕೇ. ಆ ಜಾಗದಲ್ಲಿ ಈಗ ಬರೀ ಸಂತೂರ್. ಕಳಿಸಿದೆ. ಒಂದೇ ಟಿಕ್. ಹಳೇದು ಅವಳ ಫೋನಲ್ಲೇ ಇದೆ. ಅದನ್ನ ಹೇಗೆ ತೆಗೀಲಿ?

ಜನವರಿ 17

ಬೆಳಿಗ್ಗೆ ಗದ್ದೆ ಆಚೆಯಿಂದ ಎರಡು ಗುಂಡು. ಪಿಕ್ಕಿಂಗ್ ನಿಂತಿತು. ಯಾರ ಮನೆ, ಯಾರು ಅಂತ ಗಳಿಗೆಯಲ್ಲಿ ಊರಿಗೆಲ್ಲ ಗೊತ್ತು. ಅವ್ವ ಬಿಳಿ ಸೀರೆ ಉಟ್ಟು ಹೊರಟಳು. ಬಾಗಿಲಲ್ಲಿ ನಿಂತು ಕೇಳಿದಳು.

"ಆ ಹುಡುಗಿದು ಏನಾದ್ರೂ ಬಂತಾ?"

"ಇಲ್ಲವ್ವ."

"ಏನಾದ್ರೂ ಆದ್ರೆ ನಮಗೆ ಹೇಳೋರು ಯಾರಿದ್ದಾರೆ ಅಲ್ಲಿ?"

ಯಾರೂ ಇಲ್ಲ. ಅವಳ ಮನೆಯವರ ನಂಬರೂ ನನ್ನ ಹತ್ರ ಇಲ್ಲ. ಅವ್ವ ಹೋದ ಮೇಲೆ ಅತ್ತುಬಿಟ್ಟೆ. ಮಾಡೋಕೆ ಬೇರೇನೂ ಇರಲಿಲ್ಲ.

ಜನವರಿ 28, ಮಧ್ಯಾಹ್ನ

ಎರಡು ಟಿಕ್!

ಅವ್ವನ್ನ ಕೂಗಿದೆ. ಸೆರಗಲ್ಲಿ ಕೈ ಒರೆಸಿಕೊಳ್ತಾ ಬಂದಳು. "ಇಗ್ಗುತಪ್ಪ ದೇವರು ಕಾಪಾಡಿದ" ಅಂತ ಪಕ್ಕದಲ್ಲೇ ಕೂತಿದ್ದಾಳೆ. ಟಿಕ್ ನೀಲಿ ಆಯ್ತು. ಮೇಲೆ ಟೈಪಿಂಗ್ ಅಂತ ತೋರಿಸ್ತಿದೆ. ನಿಲ್ಲುತ್ತೆ... ಮತ್ತೆ ಟೈಪಿಂಗ್. "ಏನು ಬರೀತಿದ್ದಾಳೆ?" ಅಂತ ಅವ್ವ ನಗ್ತಿದ್ದಾಳೆ.

ನಾಹೀದ್ ಟೈಪ್ ಮಾಡೋಳಲ್ಲ. ಆ ಫೋನ್ ಬೇರೆ ಯಾರ ಕೈಲೋ ಇದೆ. ಅವ್ವನಿಗೆ ಹೇಗೆ ಹೇಳಲಿ?