ಆಯಿ ಓದಿದ ಎಮ್ಮೆಯ ಕಥೆ

ಸಕ್ಕರೆ ಕಾರ್ಖಾನೆಯ ಅಂಗಳ, ಅಥಣಿ ತಾಲೂಕು
೧೨ ಡಿಸೆಂಬರ್ ೨೦೨೪, ಗುರುವಾರ

ಪ್ರೀತಿಯ ಉಜ್ವಲಾ,

ಹೇಗಿದ್ದೀ? ನಿದ್ದೆ ಹತ್ತುತ್ತಿದೆಯೇ? ಮಿರಜದ ದವಾಖಾನೆಯ ಊಟ ಸೇರುತ್ತದೋ ಇಲ್ಲವೋ? ಫೋನಿನಲ್ಲಿ ಏನು ಕೇಳಿದರೂ 'ಹೂಂ' ಅನ್ನುತ್ತೀ, ಅದಕ್ಕೇ ಬರೆಯಲು ಕೂತೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿನಗೆ ಬರೆಯುತ್ತಿರುವ ಮೊದಲ ಪತ್ರ, ಅದೂ ಟ್ರ್ಯಾಕ್ಟರ್ ಸೀಟಿನ ಮೇಲೆ. ನನ್ನ ಮುಂದೆ ಇನ್ನೂ ಇಪ್ಪತ್ತು ಕಬ್ಬಿನ ಗಾಡಿ ಇವೆ. ಸಾಲು ಸರಿದಾಗೊಮ್ಮೆ ಪೆನ್ನು ಬಿಟ್ಟು ಗಾಡಿ ಸರಿಸುತ್ತೇನೆ, ಅಕ್ಷರ ಸೊಟ್ಟಗಾದರೆ ನಗಬೇಡ. ಅಲ್ಲ, ನಗು. ನಕ್ಕರೆ ಒಳ್ಳೆಯದೇ.

ಹೋದ ವಾರ ನಾನು ಬೀಗಿ ಹೇಳಿದೆನಲ್ಲ, ಕೋಮಲ ಶಾಣ್ಯಾಕಿ ಆಗಿದ್ದಾಳೆ, ಹಠವಿಲ್ಲ, ಅಳುವಿಲ್ಲ, ತನ್ನ ಅಂಗಿ ತಾನೇ ಮಡಿಸಿಡುತ್ತಾಳೆ ಅಂತ. ಆ ಮಾತು ಈಗ ನುಂಗಬೇಕಾಗಿದೆ. ಆರು ವರ್ಷದ ಮಗಳು ಒಮ್ಮೆಲೇ ಶಾಣ್ಯಾಕಿ ಆದರೆ ಅಪ್ಪನಾದವನು ಹೆದರಬೇಕಿತ್ತು. ನಾನು ಪೇಡೆ ಹಂಚುವುದೊಂದು ಬಾಕಿ.

ಆದದ್ದು ಇಷ್ಟು. ಶಾಲೆಯಿಂದ ಅವಳಿಗೊಂದು ಚಿತ್ರದ ಪುಸ್ತಕ ಕೊಟ್ಟು ಕಳಿಸಿದ್ದರು. ಟೀಚರ್ ಮನಿಷಾ ಅವರಿಗೆ ನಮ್ಮ ಮನೆಯ ಸಂಗತಿ ಗೊತ್ತು, ಆರಿಸಿಯೇ ಕೊಟ್ಟಿರಬೇಕು. ಅದರಲ್ಲಿ ಒಂದು ಎಮ್ಮೆ ಕೆರೆಯ ದಂಡೆಯಲ್ಲಿ ಕೂತುಬಿಡುತ್ತದೆ. ಮೇಯುವುದಿಲ್ಲ, ಏಳುವುದಿಲ್ಲ, ಕರು ಸುತ್ತಲೂ ಜಿಗಿದಾಡಿದರೂ ತಿರುಗಿ ನೋಡುವುದಿಲ್ಲ. ದೀಪಾವಳಿಯ ಹೊತ್ತಿಗೆ ನೀನು ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ಕೋಮಲ ನೋಡಿದ್ದಾಳೆ. ಅವಳಿಗೆ ಇನ್ನೂ ಅಕ್ಷರ ಕೂಡಿಸಿ ಓದಲು ಬಾರದು. ನಾನು ಕಬ್ಬು ಕಡಿಸುವ ಗದ್ದಲದಲ್ಲಿ. ಓದಿ ಹೇಳಲು ಉಳಿದವಳು ಅವಳ ಆಯಿ, ನಿನ್ನ ಅತ್ತೆ. ಅವಳು ಕಲಿತದ್ದು ಜತ್ತದ ಕಡೆ ಮರಾಠಿ ಶಾಲೆಯಲ್ಲಿ, ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಬಾರದು ಅಂತ ಮೊಮ್ಮಗಳ ಮುಂದೆ ಒಪ್ಪುವ ಪೈಕಿಯೂ ಅಲ್ಲ. ಚಿತ್ರ ನೋಡಿ ತಾನೇ ಕಥೆ ಕಟ್ಟಿದಳು: "ನೋಡವಾ, ಕರು ಭಾಳ ತ್ರಾಸ ಕೊಡಾಕತ್ತೈತಿ. ಅದಕ್ಕ ಅವರವ್ವ ಬ್ಯಾಸತ್ತು ಕುಂತಾಳ."

ಹತ್ತು ದಿನ ಹುಡುಗಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದಾಳೆ. ನೀನು ಹೋದದ್ದು ತನ್ನ ಕಾಟಕ್ಕೇ ಅಂತ. ನಿನ್ನೆ ಮರಳಿಸಲೆಂದು ನಾನು ಪುಸ್ತಕ ಕೈಗೆತ್ತಿಕೊಂಡಾಗ ಆಯಿ ಹೇಳಿದ ಕಥೆ ಒಪ್ಪಿಸಿ, "ನಾನೂ ತ್ರಾಸ ಕೊಡೂದು ಬಿಟ್ಟೀನಿ, ಅವ್ವ ಯಾವಾಗ ಬರ್ತಾಳ?" ಅಂತ ಕೇಳಿದಳು, ಆಗ ತೆರೆದು ನೋಡಿದೆ. ಹನ್ನೊಂದನೆಯ ಪುಟದಲ್ಲಿ ಎಮ್ಮೆ ಕರುವಿಗೆ ಹೇಳುತ್ತದೆ: "ನನ್ನ ಮನಸ್ಸಿಗೆ ಜಡ್ಡಾಗಿದೆ ಮಗಾ. ಇದು ನಿನ್ನಿಂದ ಆದದ್ದಲ್ಲ." ಮಗಳನ್ನು ಕೂಡಿಸಿಕೊಂಡು ನಾಲ್ಕು ಸಲ ಓದಿ ಹೇಳಿದೆ. ನಿನ್ನ ಅತ್ತೆ ಸೆರಗು ಬಾಯಿಗೊತ್ತಿಕೊಂಡು ಹಿತ್ತಲಿಗೆ ಹೋದಳು. ಅವಳ ಮೇಲೆ ಸಿಟ್ಟಾಗಬೇಡ, ನಾನು ಬೈದದ್ದೇ ಹೆಚ್ಚಾಗಿದೆ.

ಸಾಲು ಮತ್ತೆ ಸರಿಯಿತು, ಹಿಂದಿನವ ಹಾರ್ನ್ ಬಾರಿಸುತ್ತಿದ್ದಾನೆ. ನೆರೆಮನೆಯ ವಿಕ್ರಾಂತ ನಾಳೆ ಮಿರಜಕ್ಕೆ ಬರುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಗುಳಿಗೆ ತಪ್ಪಿಸಬೇಡ. ನಿನ್ನ ತಲೆ ಸವರಿದ್ದೇನೆಂದು ಬರೆ ಅಂತ ಅತ್ತೆ ಹೇಳಿದ್ದಾಳೆ.

ನಿನ್ನವನೇ,
ಭರತ

ತಾ.ಕ.: ಬರೆಯಬೇಕಾದದ್ದೇ ಉಳಿಯಿತು. ನಾಲ್ಕು ಸಲ ಓದಿದ ಮೇಲೆ ಕೋಮಲ ಅಂದಳು: "ಅದು ಪುಸ್ತಕದಾಗಿನ ಅವ್ವ ಅಂದಾಳ. ನಮ್ಮವ್ವ ಎಲ್ಲಿ ಅಂದಾಳ?" ಪುಸ್ತಕ ಇನ್ನೂ ಮರಳಿಸಿಲ್ಲ, ರವಿವಾರ ಅದರ ಸಮೇತ ಅವಳನ್ನು ಕರೆದುಕೊಂಡು ಬರುತ್ತೇನೆ. ನಿನ್ನನ್ನು ಈ ಸ್ಥಿತಿಯಲ್ಲಿ ಅವಳು ನೋಡಬಾರದೆಂದು ನನ್ನಿಂದ ಆಣೆ ಮಾಡಿಸಿದ್ದಿ, ಮುರಿಯುತ್ತಿದ್ದೇನೆ. ನೀನು ತಲೆ ಬಾಚಬೇಕಿಲ್ಲ, ನಗಬೇಕಿಲ್ಲ, ಎದ್ದು ಕೂರಲೂ ಬೇಕಿಲ್ಲ. ಆ ಒಂದು ಪುಟ ಓದು. ದನಿ ಹೊರಡದಿದ್ದರೆ ಬೆರಳಿಟ್ಟು ತೋರಿಸು, ಅಷ್ಟು ಸಾಲು ಅವಳು ನಿನ್ನೆಯಿಂದ ಓದಲು ಕಲಿಯುತ್ತಿದ್ದಾಳೆ.